ಏರಿನ ಕತಿ

ಫಕ್ಕೀರವ್ವ ಅತ್ತೆಗೆ ಕುಂತು ಕತೆ ಹೇಳಲು ಬರುತ್ತಿರಲಿಲ್ಲ.
ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು,
ಹೇಳತ್ತಿ ಅಂದರೆ
ಸೆರಗಿನ ತುದಿ ಸುರುಳಿ ಸುತ್ತುತ್ತ
‘ಯಾವ ಕತಿ? ನನಗೆಲ್ಲಿ ಬರತಾವ?’ ಎನ್ನುತ್ತಿದ್ದಳು.
ಸುಳ್ಳಲ್ಲ. ಬಯಲಲ್ಲಿ ಆಕೆಗೆ ನಿಜಕ್ಕೂ ಬರುತ್ತಿರಲಿಲ್ಲ.

ಬಾದೆಹುಲ್ಲಿಗೆ ಹೊರಟಾಗ ನೋಡಬೇಕು.
ನಸುಕಿನ ನಾಕಕ್ಕೆ, ಕುಡುಗೋಲು ಟೊಂಕಕ್ಕೆ ಸಿಕ್ಕಿಸಿ.
ಕಪ್ಪತಗುಡ್ಡದ ಕೆಂಪು ಗರಸು
ಚಪ್ಪಲಿ ಕೆಳಗೆ ಕರಕ್ ಅಂದದ್ದೇ ತಡ
‘ಏಳು ಮಂದಿ ಅಕ್ಕತಂಗೇರಿದ್ರು’ ಎಂದು ಸುರುವಾಗುತ್ತಿತ್ತು.

ಏರು ಕಡಿದಾದಲ್ಲಿ ಮಾತು ಮೊಟಕು:
ಹಿರ್ಯಾಕಿ ಬಿದ್ಲು. ಎದ್ಲು. ನೀರಿಲ್ಲ.
ಸಮತಟ್ಟು ಸಿಕ್ಕಲ್ಲಿ
ಅದೇ ಹಿರಿಯಾಕೆಯ ಸೀರೆಗೆ ದಡಿ ಬರುತ್ತಿತ್ತು, ಬಣ್ಣ ಬರುತ್ತಿತ್ತು,
ಗಂಡನ ಮನೆ ಮಂದಿಯ ಹೆಸರು, ಅವರ ಎಮ್ಮೆಗಳ ಹೆಸರು.
ಕಾರೆಕಂಟಿ ಸೆರಗು ಜಗ್ಗುವ ಸಂದಿಯಲ್ಲಿ
ಯಾರೋ ಒಬ್ಬ ಕಳ್ಳ ಬಂದೇ ಬರುತ್ತಿದ್ದ.
ಬಗ್ಗಿ ದಾಟುವ ಗವಿಬಾಯಲ್ಲಿ ಬರೀ ಪಿಸುಮಾತು;
ಒಳಗೆ ಮಲಗಿದ ಕತ್ತೆಕಿರುಬಕ್ಕೆ ಕತೆ ಕೇಳಿಸಬಾರದಂತೆ,
ಕೇಳಿಸಿದರೆ ಮುಂದೇನಾಯಿತೆಂದು ಮನೆತನಕ ಬರುತ್ತದಂತೆ.

ಒಂದೊಂದು ಬಂಡೆ ಒಬ್ಬೊಬ್ಬ ತಂಗಿ.
ತುದಿಗೆ ಬಂದು ಎಣಿಸಿದೆ. ಆರೇ ಇದ್ದರು.
‘ಅತ್ತಿ, ಏಳನೇದಾಕಿ?’
ಸಿವುಡು ಕಟ್ಟುತ್ತಲೇ ಹೇಳಿದಳು:
‘ಆಕಿನ್ನ ಮದ್ದಿಟ್ಟು ಒಡದ್ರು. ಜಲ್ಲಿ ಆದ್ಲು.
ಮುಂಡರಗಿ ರಸ್ತಾಕ ಹಾಸ್ಯಾರ.
ಡೋಣಿ ದಾಟಿದ ಮ್ಯಾಲೆ ಬಸ್ಸು ಗಡಗಡ ಅಂತೈತಲ್ಲ,
ಆಕಿನ ಅದು. ಮದಲಿಂದನೂ ಮಾತು ಜಾಸ್ತಿ ಆಕೀದು.’

ಗಾಳಿಗಿರಣಿಗಳು ಬಂದ ವರ್ಷ ನನಗೆ ಭಯವಿತ್ತು,
ಕತೆಗೆ ಎಲ್ಲಿ ಪೆಟ್ಟಾಗುತ್ತದೋ ಎಂದು.
ಆಕೆಗಿರಲಿಲ್ಲ. ನಲವತ್ತೊಂದನೆಯ ನಂಬರಿನ ಕಂಬದಡಿ
ಎಲಿಅಡಿಕಿ ಹಾಕಿಕೊಂಡು ಒಂದು ತಾಸು ತಲೆಯೆತ್ತಿ ನೋಡಿದಳು.
ಮರುದಿನ ಅದು ಮೂರನೆಯಾಕೆಯ ಗಂಡನಾಗಿತ್ತು:
ಬಾ ಬಾ ಎಂದು ಮೂರೂ ಕೈ ಬೀಸುತ್ತಾನೆ,
ನಿಂತ ಜಾಗ ಬಿಟ್ಟು ಒಂದು ಹೆಜ್ಜೆ ಬರುವುದಿಲ್ಲ.
ಹುಲ್ಲಿನ ಹೆಂಗಸರು ನಕ್ಕು ನಕ್ಕು ಹೊರೆ ಕೆಡವಿದರು.

ಶ್ರಾವಣದಲ್ಲಿ ಜಾರಿದಳು. ಚಪ್ಪೆಯೆಲುಬು ಮುರಿಯಿತು.
ಗದಗಿನ ದವಾಖಾನೆ, ಎರಡನೆಯ ಮಜಲು,
ಕಿಟಕಿಯಾಚೆ ನೀರಿನ ಟಾಕಿ.
ಎಂಟು ದಿನ ಪರರ ಮನೆಗೆ ಬಂದವಳಂತೆ ಮಲಗಿದ್ದಳು.
ಕತೆ ಕೇಳಿದೆ. ಗೋಡೆ ನೋಡಿದಳು.
‘ನೆಲ ಸಪಾಟ ಐತಲ್ಲ’ ಅಂದಳು.

ಒಂಬತ್ತನೆಯ ರಾತ್ರಿ ಗಂಜಿ ಕುಡಿಸಲೆಂದು
ಮಂಚದ ಬುಡದ ಹಿಡಿಕೆ ತಿರುವಿದೆ.
ಕಿರ್‍ರೆಂದು ತಲೆದೆಸೆ ಎದ್ದಿತು.
ಆಕೆಯ ಉಸಿರು ಬದಲಾಯಿತು.
‘ಏಳು ಮಂದಿ…’
ಬಟ್ಟಲು ಕೆಳಗಿಟ್ಟೆ. ಇನ್ನೊಂದು ಸುತ್ತು.
‘ಹಿರ್ಯಾಕಿ ಬಿದ್ಲು.’ ಇನ್ನೊಂದು.
‘ನಿಂದ್ರಸ, ನಿಂದ್ರಸು. ಇಲ್ಲೆ ಬಿಕ್ಕಿ ಗಿಡ ಐತಿ.
ಒಂದೀಟು ಕುಂಡ್ರೂಣು.’
ಕುಂತೆವು.
ಪಕ್ಕದ ಮಂಚದ ರೋಣದ ಹೆಂಗಸು
ನರಳುತ್ತಲೇ ಈಕಡೆ ಹೊರಳಿದಳು.

ಹಿಡಿಕೆ ಪೂರಾ ತಿರುಗಿ ನಿಂತಿತು. ತುದಿ.
‘ಆಚೀಕಡೆ ಏನೈತಿ, ಅತ್ತಿ?’
ಮಗ್ಗಲು ಬದಲಿಸಲಾರದೆ ಕಣ್ಣಷ್ಟೇ ಹೊರಳಿಸಿದಳು:
‘ಆ ಮಗ್ಗಲಾ ನಾ ಇಳದಿಲ್ಲವ್ವಾ.
ಅದು ಅವರ ಕತಿ, ಹಳ್ಳದಾಗ ಮಣ್ಣು ತೊಳದು
ಚಿನ್ನ ಹುಡುಕತಿದ್ರಲ್ಲ, ಅವರದು.
ಅಲ್ಲಿಂದ ನೋಡಿದ್ರ ನಮ್ಮ ಹಿರ್ಯಾಕಿ
ಕುರುಡ ಎತ್ತಿನಂಗ ಕಾಣತಾಳಂತ.
ಹೋಗಿ ಕೇಳು. ನಡಕೋತ ಹೋಗು.
ಗಾಡಿ ಮ್ಯಾಲೆ ಹೋದ್ರ ಹೇಳೂದಿಲ್ಲ.’

ಹಿಡಿಕೆಯನ್ನು ಉಲ್ಟಾ ತಿರುವಿದೆ, ಮೆಲ್ಲಗೆ.
ಗಂಜಿ ಆರಿತ್ತು.