ಸೇರು, ಎರಡು

ಸೋಮವಾರ ರಜೆ. ಕಲ್ಯಾಣಪುರದ ಹಳೇ ಶಾಲೆಯ
ನಾಲ್ಕನೇ ಕ್ಲಾಸಿನೊಳಗೆ ನಾನೊಬ್ಬಳೇ,
ಕೈಯಲ್ಲಿ ಒರೆಸುವ ಬಟ್ಟೆ.
ಚೆನ್ನೆಮಣೆ, ತಾಳೆಗರಿಯ ಕೊರಂಬು,
ಯಾರದೋ ಸೊಂಟದ ಸುಣ್ಣದ ಡಬ್ಬಿ.
ಆಮೇಲೆ ಇವು.
ಬೆನೆಡಿಕ್ಟಾ ಟೀಚರ್ ದುಂಡಗೆ ಬರೆದ ಚೀಟಿ:
‘ಸೇರು, ಎರಡು. ಹಿತ್ತಾಳೆ. ಗುತ್ತಿನ ಮನೆಯಿಂದ.’

ಒಂದೇ ಅಚ್ಚು ಅನ್ನುತ್ತಾರೆ ನೋಡಿದವರು.
ಅಜ್ಜಿ ಸೇಸಮ್ಮ ಅನ್ನುತ್ತಿರಲಿಲ್ಲ:
‘ಗೇಣಿ ಅಳೆಯುವುದರ ಹೊಟ್ಟೆ ದೊಡ್ಡದು ಮಗಾ,
ಸಾಲ ಕೊಡುವುದರ ತಳ ದಪ್ಪ.’

ಇವತ್ತು ಮನೆಯಿಂದ ರೇಷನ್ ಅಕ್ಕಿ ತಂದಿದ್ದೆ.
ಒಂದನ್ನು ತುಂಬಿ, ಅಂಗೈಯಿಂದ ಸವರಿ
ಇನ್ನೊಂದಕ್ಕೆ ಸುರಿದೆ.
ತುಂಬಿತು. ತುಂಬಿದ ಮೇಲೂ ಬಂತು,
ಹಾಸಿದ ಪೇಪರಿನ ಮೇಲೆ ಸರ್ರನೆ.
ಬಾಚಿದರೆ ಒಂದು ಮುಷ್ಟಿ,
ಬೆರಳ ಸಂದಿನಿಂದ ಜಾರಿದ ನಾಲ್ಕು ಕಾಳು.

ಇಷ್ಟೇ.
ಒಂದು ಮಗುವಿನ ರಾತ್ರಿಯ ಗಂಜಿ,
ಸೇರಿಗೊಂದು.
ಎಷ್ಟು ಸೇರು ಅಳೆದರೋ,
ಅಜ್ಜಿ ಲೆಕ್ಕ ಕಲಿತವಳಲ್ಲ.

ಹುಣಸೆಹುಳಿ ಹಾಕಿ ತಿಕ್ಕಬಾರದು ಅಂದಿದ್ದಾರೆ ಟೀಚರ್,
ಕಲೆಯೂ ಚರಿತ್ರೆಯಂತೆ.
ಒಣಬಟ್ಟೆಯಲ್ಲಿ ಒರೆಸಿ, ಇದ್ದಲ್ಲೇ ಇಟ್ಟೆ.
ಚೀಟಿ ಮುಟ್ಟಲಿಲ್ಲ.

ಆ ಮುಷ್ಟಿಯನ್ನು ಮಾತ್ರ
ಬೇರೆಯಾಗಿ ಸೆರಗಿನಲ್ಲಿ ಕಟ್ಟಿಕೊಂಡೆ.
ನನ್ನದೇ ಅಕ್ಕಿ.
ಆದರೂ ಬೀಗ ಹಾಕುವಾಗ
ಕದ್ದವಳ ಹಾಗೆ ಒಮ್ಮೆ
ಹಿಂದೆ ನೋಡಿದೆ.