ಇತರೆ ಖರ್ಚು

ಮುಳಬಾಗಿಲಿನಿಂದ ತಂದದ್ದು
ಒಂದು ತಗಡಿನ ಪೆಟ್ಟಿಗೆ, ಒಂದು ಕುಕ್ಕರು,
ದೊಡ್ಡಾಸ್ಪತ್ರೆಯ ಆದೇಶದ ಝೆರಾಕ್ಸು ನಾಲ್ಕು,
'ಕೈಗೆ ಸಿಗುವುದು ಹದಿನೆಂಟು ಸಾವಿರದ ಆರುನೂರು' ಎಂದು
ಮೇಲೆ ಬರೆದು ಗೆರೆ ಎಳೆದ ನೋಟುಬುಕ್ಕು.
ಗೆರೆಯ ಕೆಳಗೆ ಹುಬ್ಬಳ್ಳಿ.

ದಲ್ಲಾಳಿ ಬಸೆಟ್ಟೆಪ್ಪನ ಸ್ಕೂಟರಿಗೆ ಕನ್ನಡಿಯಿಲ್ಲ.
'ಮನಿ ಹುಡುಕೂವಾಗ ಹಿಂದ ನೋಡಬಾರದ್ರೀ ಅಕ್ಕಾರ.'

ವಿದ್ಯಾನಗರದಲ್ಲಿ
ಆಸ್ಪತ್ರೆಯ ಗೇಟಿಗೆ ಎಂಟು ನಿಮಿಷದ ನಡಿಗೆ.
ಏಳೂವರೆ ಸಾವಿರ. ಒಂದು ಕೋಣೆ, ಅರ್ಧ ಕಿಟಕಿ;
ಉಳಿದರ್ಧ ಪಕ್ಕದ ಹುಡುಗರ ಪೀಜಿಗೆ.
ಮಾಲಕರು ಮೊದಲು ಕೇಳಿದ್ದು, 'ನೀವು ಯಾರ ಪೈಕಿ?'
'ಎಕ್ಸ್‌ರೇ ಪೈಕಿ' ಅಂದೆ.
ಬಸೆಟ್ಟೆಪ್ಪ ನಕ್ಕ. ಮಾಲಕರು ನಗಲಿಲ್ಲ.

ನವನಗರದಲ್ಲಿ ಗಾಳಿ ಇದೆ, ಬೇವಿದೆ, ಐದು ಸಾವಿರ.
ಆದರೆ ಅಲ್ಲಿಂದ ಚಿಗರಿ ಬಸ್ಸು.
ಊರ ಬಸ್ಸಿನಲ್ಲಿ ಹೆಂಗಸಿಗೆ ಸೊನ್ನೆಯ ಚೀಟಿ,
ತಂಪು ಹವೆಯ ಚಿಗರಿಗೆ ಆ ದಯೆಯಿಲ್ಲ.
ಹೋಗಿಬರುವ ದುಡ್ಡನ್ನು ಇಪ್ಪತ್ತಾರರಿಂದ ಗುಣಿಸಿದೆ.
ಗಾಳಿ ತುಟ್ಟಿಯಾಯಿತು.

ಗೋಪನಕೊಪ್ಪದಾಚೆ ಹೊಸ ಲೇಔಟು, ಮೂರೂವರೆ.
ಮನೆಗೆ ಮನೆ ಮುನಿಸಿಕೊಂಡಷ್ಟು ದೂರ.
ನಡುವೆ ಎರೆಮಣ್ಣು; ಮಳೆ ಬಿದ್ದರೆ ಚಪ್ಪಲಿ ಅದರದ್ದೇ.
ಎರಡನೇ ಪಾಳಿ ಬಿಡುವುದು ರಾತ್ರಿ ಹತ್ತಕ್ಕೆ.
ದೀಪದ ಕಂಬ ಎಣಿಸಿದೆ: ಒಂದು.
ಅದರಲ್ಲೂ ದೀಪವಿಲ್ಲ.
ಎದೆ ಹೊಡೆದುಕೊಳ್ಳುವುದಕ್ಕೆ ಬಾಡಿಗೆ ಹಚ್ಚಿದರೆ
ಇದು ವಿದ್ಯಾನಗರಕ್ಕಿಂತ ಹೆಚ್ಚು.

ಕೂದಲಿನಷ್ಟು ಸೀಳನ್ನೂ
ಬೆಳಕಿಗೆ ಹಿಡಿದು ಹುಡುಕುವ ಕಣ್ಣು ನನ್ನದು,
ಹೊಸ ಸುಣ್ಣದ ಮುಂದೆ ಸುಮ್ಮನಿರುವುದಿಲ್ಲ.
ಆದರೆ ಈ ಊರಿನ ಮೂಳೆ ಕಾಣುವುದು ಗೋಡೆಯಲ್ಲಲ್ಲ,
ಅಂಗಳದ ನೀಲಿ ಡ್ರಮ್ಮುಗಳಲ್ಲಿ.
ಎಷ್ಟು ಡ್ರಮ್ಮು, ಎಷ್ಟಕ್ಕೆ ಮುಚ್ಚಳ,
ಪಾಚಿಯ ಗೆರೆ ಎಲ್ಲಿಯವರೆಗೆ.
ವಾರ ಇಲ್ಲಿ ಏಳು ದಿನಕ್ಕೆ ಮುಗಿಯುವುದಿಲ್ಲ;
ಒಂದು ಓಣಿಯ ವಾರ ಐದಕ್ಕೆ, ಇನ್ನೊಂದರದ್ದು ಎಂಟಕ್ಕೆ.
ಬಸೆಟ್ಟೆಪ್ಪ ಈ ಮಾತು ಬಂದಾಗ ಹಾರ್ನ್ ಒತ್ತುತ್ತಾನೆ.
ಒತ್ತಲಿ. ಕೋಲಾರದ ಕಡೆಯವಳು ನಾನು,
ಟ್ಯಾಂಕರಿನ ಹಿಂದೆ ಓಡಿಯೇ ಕಾಲು ಗಟ್ಟಿಯಾದವಳು.

ಮೂರನೇ ದಿನ ಸಂಜೆ ನೇಕಾರನಗರ.
ಓಣಿಯ ತುದಿಗೆ ಒಂದೇ ಒಂದು ಮಗ್ಗ
ಇನ್ನೂ ತನ್ನಷ್ಟಕ್ಕೆ ಮಾತಾಡುತ್ತಿತ್ತು.
ನಾಲ್ಕು ಸಾವಿರದ ಇನ್ನೂರು. ಕಬ್ಬಿಣದ ಮೆಟ್ಟಿಲು.
ಎರಡು ಬಸ್ಸು ಬದಲಿಸಬೇಕು, ಎರಡಕ್ಕೂ ಸೊನ್ನೆ.
ಕಟ್ಟೆಯ ಮೇಲೆ ನಿಂಬೆವ್ವ ಜೋಳ ಹಸನು ಮಾಡುತ್ತಿದ್ದಳು.

'ಒಬ್ಬಾಕೀನ?'
'ಒಬ್ಬಳೇ.'
ಈ ಉತ್ತರಕ್ಕೆ ಬಾಗಿಲು ಅರ್ಧ ಎಳೆದ ಮನೆಗಳನ್ನು
ನಾನು ಲೆಕ್ಕಕ್ಕೆ ಹಿಡಿದಿಲ್ಲ.
ಈಕೆ ಮೊರದಿಂದ ಕಣ್ಣು ಎತ್ತಲಿಲ್ಲ.

'ನೀರು ಎಂಟು ದಿನಕ್ಕ. ಹೊತ್ತು ಗೊತ್ತಿಲ್ಲ,
ನಡುರಾತ್ರ್ಯಾಗೂ ಬಿಡತಾರ.
ನೀ ಡ್ಯೂಟಿ ಮ್ಯಾಲಿದ್ರ ನಿನ್ನ ಡ್ರಮ್ಮು ನಾ ತುಂಬಸ್ತೀನಿ.
ನನಗ ಕಣ್ಣ ಹತ್ತಿದ್ರ ನೀ ಎಬ್ಬಸು.
ಪೈಪಿನ ರೊಕ್ಕ ಮಾತ್ರ ಅರ್ಧಾ ನಿಂದು.'

ಒಂದು ಹರಳು ಆರಿಸಿ ಓಣಿಗೆ ಎಸೆದಳು.

'ಸೋವಿ ಮನಿ ಹಿಡದು ನನ್ನ ಹೊಟ್ಟಿ ಮ್ಯಾಲ ಹೊಡದ್ರಿ,'
ಒಂದು ತಿಂಗಳ ಬಾಡಿಗೆಯ ದಲ್ಲಾಳಿ
ದಾರಿಯುದ್ದಕ್ಕೂ ಗೊಣಗಿದ,
ಚಹಾದ ದುಡ್ಡು ಮಾತ್ರ ತಾನೇ ಕೊಟ್ಟ.

ರಾತ್ರಿ, ಸ್ಟೇಷನ್ ರೋಡಿನ ಲಾಜು.
ರೈಲು ಹೋದಾಗಲೆಲ್ಲ ಅಂಕಿಗಳು ನಡುಗುತ್ತವೆ.
ಉಳಿಯುವುದು ತಿಂಗಳಿಗೆ ಮೂರು ಸಾವಿರದ ಮುನ್ನೂರು,
ಹೋಗುವುದು ದಿನಕ್ಕೆ ಒಂದೂವರೆ ಗಂಟೆ ನಿದ್ದೆ.
ನಿದ್ದೆಯ ದರ ಯಾರನ್ನು ಕೇಳುವುದು?
ಸರಿಯೋ ತಪ್ಪೋ ಮಳೆಗಾಲ ಹೇಳುತ್ತದೆ.

ಬಾಡಿಗೆ, ಹಾಲು, ಗ್ಯಾಸು, ಅಮ್ಮನಿಗೆ.
ಕೊನೆಯ ಸಾಲು 'ಇತರೆ', ಮೂರು ದಿನದಿಂದ ಖಾಲಿ.
ಅದರ ಮುಂದೆ ಬರೆದೆ:
ಪೈಪು, ಅರ್ಧ.