ಲೈನ್ ಕ್ಲಿಯರ್

ಟೀ ಲೋಟ ಕೆಳಗಿಟ್ಟು ಕಲ್ಲೇಶಿ ಕೇಳಿದ್ದ:
"ನೀವು ದೇವರನ್ನ ನಂಬಲ್ವಂತೆ ಮೇಡಂ.
ಮತ್ತೆ ನಿಮ್ಮ ಮಾತು ನಂಬಿ
ನಾನು ಹೆಂಗೆ ಕಂಬ ಹತ್ತಲಿ?"

ತಮಾಷೆಗೇ ಕೇಳಿದ್ದು. ನಾನೂ ನಕ್ಕೆ.
ನಗು ಉತ್ತರವಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.
ಅಜ್ಜಂಪುರದ ಸಬ್‌ಸ್ಟೇಷನ್ನಿನಲ್ಲಿ ಟ್ರಾನ್ಸ್‌ಫಾರ್ಮರು
ಎಂದಿನಂತೆ ಒಂದೇ ಅಕ್ಷರ ಗುನುಗುತ್ತಿತ್ತು.
ಕೆಲವರಿಗದು ಓಂ ಅಂತ ಕೇಳುತ್ತದಂತೆ.
ನನಗೆ ಐವತ್ತು ಹರ್ಟ್ಸ್.

ಏಪ್ರಿಲ್ಲಿನ ಗಾಳಿ. ಬುಕ್ಕಾಂಬುಧಿ ಕಡೆಯ ಫೀಡರಿನಲ್ಲಿ
ತಂತಿಯ ಮೇಲೆ ಹುಣಸೆಯ ಕೊಂಬೆ.
ಸಂಜೆ ಆರು ಹನ್ನೆರಡಕ್ಕೆ ಅವನ ಫೋನು.
ಬ್ರೇಕರ್ ತೆಗೆದೆ, ಐಸೊಲೇಟರ್ ಬಿಚ್ಚಿದೆ, ಅರ್ಥ್ ಕೊಟ್ಟೆ,
ಹಿಡಿಗೆ ಕೆಂಪು ಹಲಗೆ ತೂಗುಹಾಕಿದೆ:
ಜನ ಕೆಲಸ ಮಾಡುತ್ತಿದ್ದಾರೆ.
ಬೀಗ ಜಡಿದೆ.
ಅವನಿಗೊಂದು ನಂಬರು ಹೇಳಿದೆ, ನೂರ ಹದಿನೇಳು.
ಅವನೂ ತಿರುಗಿ ಹೇಳಿದ, ನೂರ ಹದಿನೇಳು.

ಏಳೂವರೆ. ಎಂಟು.
ಅವನ ಫೋನು ಸ್ವಿಚ್ ಆಫ್.
ಮಿಕ್ಕವರ ಫೋನುಗಳಿಗೆ ಮಾತ್ರ ಬಿಡುವಿಲ್ಲ.
ಗಿರಣಿಯವನು, ಅರ್ಧ ಬೀಸಿದ ರಾಗಿ ಮುಂದಿಟ್ಟುಕೊಂಡು.
ಮಂಗಳಾರತಿ ಹೊತ್ತಿಗೆ ಮೈಕಿಲ್ಲ ಎಂದ ಗುಡಿ ಸಮಿತಿಯವರು.
ತೊಟ್ಟಿಗೆ ನೀರೇರಿಲ್ಲ, ವಜೂ ಹೇಗೆ ಮಾಡೋಣ ತಾಯಿ
ಎಂದ ಮಸೀದಿಯ ಮುದುಕರು.
ನಾಳೆ ಗಣಿತದ ಪರೀಕ್ಷೆ ಎಂದೊಬ್ಬ ಹುಡುಗಿ, ಅಳುತ್ತಾ.
ಎಲ್ಲರ ಮಾತೂ ನಿಜವೇ.

ಆಮೇಲೆ ಮೇಲಿನವರು:
"ಕೊಂಬೆ ತೆಗೆದಾಯ್ತಂತೆ, ಕಂಡವರಿದ್ದಾರೆ.
ಅವನು ಇಳಿದು ಮನೆಗೆ ಹೋಗಿ ಮಲಗಿರ್ತಾನೆ, ಹಾಕಿ."
ತಗೊಂಡವನೇ ವಾಪಸ್ ಕೊಡಬೇಕು ಸಾರ್.
"ನಾಕು ಹಳ್ಳಿ ಕತ್ತಲಲ್ಲಿದೆ. ಮನುಷ್ಯತ್ವ ಇಲ್ವೇನ್ರೀ ನಿಮಗೆ?"
ಇದೆ ಅನ್ನಲಿಲ್ಲ.
ಬೀಗದ ಕೈ ಅಂಗೈಗೆ ಅಚ್ಚೊತ್ತಿತ್ತು.

ನನಗೆ ಕೆಲಸ ಕಲಿಸಿದ ಗುರುಬಸಪ್ಪನವರು
ವಿಭೂತಿ ಇಲ್ಲದೆ ಡ್ಯೂಟಿಗೆ ಬಂದವರಲ್ಲ.
ಒಂದೇ ಒಂದು ಸಲ, ಯಾರದೋ ಅವಸರಕ್ಕೆ,
ಇಳಿದಿರ್ತಾನೆ ಅಂದುಕೊಂಡರು.
ಆ ದಿನದ ಪುಟ ತೋರಿಸಿದ್ದರು ನನಗೆ:
ದುಂಡನೆಯ ಅಕ್ಷರ, ಸಮಯ, ಸಹಿ.
ಒಂದು ಪದವೂ ಸುಳ್ಳಲ್ಲ.
ಒಬ್ಬ ಮಾತ್ರ ಇನ್ನೂ ಮೇಲಿದ್ದ.

ಆಮೇಲೂ ದಿನಾ ವಿಭೂತಿ ಹಚ್ಚಿದರು.
ಅದನ್ನು ಆಡಿಕೊಳ್ಳುವ ನಾಲಿಗೆ ನನಗಿಲ್ಲ.
ಆದರೆ ಕಲಿಸುವಾಗ ಶಿವನ ಹೆಸರೆತ್ತಲಿಲ್ಲ ಅವರು.
"ಇರ್ತಾನೆ ಅನ್ನೋ ಮಾತು ಈ ಕೋಣೆಯೊಳಗೆ ಇಲ್ಲ ಕಣಮ್ಮ.
ಇಳಿದ. ಇಲ್ಲಾ, ಇಳಿದಿಲ್ಲ."

ಎಂಟೂ ಐವತ್ತು.
ಸುಳ್ಳೇಕೆ, ಆ ಹೊತ್ತು ನನಗೇನೂ ದೊಡ್ಡದು ಅನಿಸಲಿಲ್ಲ.
ಹಸಿವು. ಅವನ ಮೇಲೆ ಕೆಟ್ಟ ಸಿಟ್ಟು.
ಕೈಮುಗಿಯಲು ಒಂದು ಪಟವಿದ್ದಿದ್ದರೆ
ಹೊತ್ತಾದರೂ ಹೋಗುತ್ತಿತ್ತು ಅನಿಸಿದ್ದುಂಟು.
ನಂಬುವವರ ಮೇಲೆ ಹೊಟ್ಟೆಕಿಚ್ಚೇ ಅದು.
ಬೀಗವನ್ನೊಮ್ಮೆ ಜಗ್ಗಿ ನೋಡಿದೆ. ಮತ್ತೊಮ್ಮೆ.

ಒಂಬತ್ತು ಇಪ್ಪತ್ತಕ್ಕೆ ಗುರುತಿಲ್ಲದ ಫೋನು.
ಮೊದಲು ನಂಬರು ಹೇಳು, ಅಂದೆ.
"ನೂರ ಹದಿನೇಳು. ನಾನೇ ಮೇಡಂ."
ಫೋನು ಕೆರೆಯ ಏರಿಗೆ ಬಿದ್ದು ಒಡೆಯಿತಂತೆ,
ಆಚೆ ಕಂಬದ ಇನ್ಸುಲೇಟರ್ ಸೀಳಿತ್ತಂತೆ,
ಹಲ್ಲಲ್ಲಿ ಟಾರ್ಚು ಕಚ್ಚಿ ಇಷ್ಟು ಹೊತ್ತೂ ಮೇಲೇ ಇದ್ದನಂತೆ.

ಹೆದರಿಕೆ ಆಗಲಿಲ್ವೇನೋ?

"ಹತ್ತೋವಾಗ ಕಂಬ ಮುಟ್ಟಿ ಕಣ್ಣಿಗೊತ್ಕೊಂಡೆ, ಅದು ಇದ್ದದ್ದೇ.
ಮೇಲೋದ್ಮೇಲೆ ಊರ ಕಡೆ ನೋಡ್ತಾ ಇದ್ದೆ.
ಎಲ್ಲೂ ಒಂದು ದೀಪ ಹತ್ತಲಿಲ್ಲ ಮೇಡಂ.
ಆ ಕತ್ತಲನ್ನೇ ನೋಡ್ಕೊಂಡು ಕೆಲಸ ಮಾಡ್ದೆ."

ಮಂದಿ, ಸಾಮಾನು, ಅರ್ಥ್, ಎಲ್ಲಾ ತೆಗೆದಿದ್ದೇನೆ ಅಂದ.
ಬೀಗ ತೆರೆದೆ. ಹಲಗೆ ಇಳಿಸಿದೆ.
ಒಂಬತ್ತು ಇಪ್ಪತ್ತಾರು, ಚಾರ್ಜ್.
ದೂರದಲ್ಲೆಲ್ಲೋ ಮೈಕೊಂದು ಕೆಮ್ಮಿ ಎದ್ದಿತು,
ಯಾರ ದೇವರದೋ, ಇಲ್ಲಿಗೆ ತಿಳಿಯಲಿಲ್ಲ.

ಸಹಿ ಮಾಡಿದೆ.
ಷರಾ ಅನ್ನುವ ಅಂಕಣವನ್ನು
ಯಾವತ್ತಿನ ಹಾಗೆ
ಖಾಲಿ ಬಿಟ್ಟೆ.